ಮಗ ಸಂಜೆ ಬಾಗಿಲು ಹಾಕಿಕೊಂಡರೆ

ಇಪ್ಪತ್ತೈದು, ಮೂವತ್ತರ ಪ್ರಾಯದ ಮಕ್ಕಳ ತಂದೆತಾಯಿ ಹೇಳಿಕೊಳ್ಳುವ ದೂರು ಹೆಚ್ಚುಕಡಿಮೆ ಒಂದೇ. "ಆಫೀಸಿನಲ್ಲಿ ಎಲ್ಲರ ಜೊತೆ ಚೆನ್ನಾಗಿರ್ತಾನಂತೆ. ಮನೆಗೆ ಬಂದರೆ ಊಟಕ್ಕೆ ಕರೆದರೂ ಉತ್ತರ ಇಲ್ಲ, ಬಾಗಿಲು ಹಾಕ್ಕೊಂಡುಬಿಡ್ತಾನೆ. ನಾವಂದ್ರೆ ಅಷ್ಟು ಅಸಡ್ಡೆನಾ?" ಮಗನಿಗೆ ಆಟಿಸಂ ಅಥವಾ ಎಡಿಎಚ್‌ಡಿ ಇದೆಯೆಂದು ಇವರಲ್ಲಿ ಅನೇಕರಿಗೆ ಅವನು ದೊಡ್ಡವನಾದ ಮೇಲಷ್ಟೇ ಗೊತ್ತಾಗಿರುತ್ತದೆ. ಮಗಳಾದರೆ ಇನ್ನೂ ತಡ. ಹೆಣ್ಣುಮಕ್ಕಳು ಚಿಕ್ಕಂದಿನಿಂದಲೇ ತಮ್ಮ ಲಕ್ಷಣಗಳನ್ನು ಮುಚ್ಚಿಟ್ಟುಕೊಂಡು ಸರಿದೂಗಿಸುವುದು ಹೆಚ್ಚು.

ಅವನ ಸ್ವಭಾವದ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು, ಬೆಳಗಿನಿಂದ ಅವನು ಎಂತೆಂಥ ಜಾಗಗಳಲ್ಲಿ ಇದ್ದು ಬಂದ ಎಂದು ನೋಡಿ.

ನಮ್ಮಲ್ಲಿ ಬಹುಮಂದಿಯ ಮಿದುಳು ಒಂದೇ ಸಮನೆ ಬರುವ ಸದ್ದನ್ನು ಸ್ವಲ್ಪ ಹೊತ್ತಿಗೆ ಗಮನಿಸುವುದನ್ನೇ ಬಿಟ್ಟುಬಿಡುತ್ತದೆ. ಫ್ಯಾನು ತಿರುಗುತ್ತಿರುವುದು ಕರೆಂಟು ಹೋದಾಗಲೇ ನಮಗೆ ತಿಳಿಯುವುದು. ಆಟಿಸಂ ಇರುವ ಅನೇಕರಲ್ಲಿ ಹೀಗೆ ಒಗ್ಗಿಕೊಳ್ಳುವುದು ನಿಧಾನ, ಕೆಲವು ಸದ್ದುಗಳಿಗೆ ಒಗ್ಗುವುದೇ ಇಲ್ಲ. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಐವತ್ತನೆಯ ಹಾರ್ನೂ ಮೊದಲನೆಯದರಷ್ಟೇ ಚುಚ್ಚುತ್ತದೆ. ಇದು ಹುಸಿ ನಾಜೂಕಲ್ಲ. ವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿ 2013ರ ಆವೃತ್ತಿಯಿಂದ ಇಂದ್ರಿಯಗಳ ಈ ಅತಿಸೂಕ್ಷ್ಮತೆಯನ್ನು ಆಟಿಸಂನ ಲಕ್ಷಣಗಳ ಪಟ್ಟಿಯಲ್ಲೇ ಸೇರಿಸಿದೆ.

ಬೆಳಕಿನದೂ ಇದೇ ಕತೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ನಮ್ಮ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮಗೆ ಅದು ಕಾಣುವುದಿಲ್ಲ, ಕೆಲವರಿಗೆ ಮಾತ್ರ ಮಧ್ಯಾಹ್ನದ ಹೊತ್ತಿಗೆ ತಲೆನೋವಾಗಿ ಬರುತ್ತದೆ. ಅಗ್ಗದ ಎಲ್‌ಇಡಿಗಳಲ್ಲೂ ಈ ಮಿನುಗು ಇರುತ್ತದೆ. ಇದರ ಮೇಲೆ ಪಕ್ಕದವರ ಸೆಂಟು, ಎಸಿಯ ಚಳಿ, ಗೋಡೆಯೇ ಇಲ್ಲದ ಆಫೀಸಿನಲ್ಲಿ ಬೆನ್ನ ಹಿಂದೆ ಓಡಾಡುವವರು. ತದ್ವಿರುದ್ಧದ ತೊಂದರೆಯೂ ಉಂಟು: ಒಳಗಿನ ಸೂಚನೆಗಳು ಕೆಲವರಿಗೆ ಕೇಳುವುದೇ ಇಲ್ಲ. ಹಸಿವು, ಬಾಯಾರಿಕೆ ಗೊತ್ತಾಗದೆ ಸಂಜೆ ನಾಲ್ಕರವರೆಗೆ ಕೂತಿದ್ದು, ಆಮೇಲೆ ಒಮ್ಮೆಲೇ ಕುಸಿಯುತ್ತಾರೆ.

ಎಲ್ಲಕ್ಕಿಂತ ದುಬಾರಿಯಾದದ್ದು ಹೊರಗೆ ಕಾಣುವುದೇ ಇಲ್ಲ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬೇಕು, ಜೋಕಿಗೆ ಸರಿಯಾದ ಹೊತ್ತಿಗೆ ನಗಬೇಕು, ಕೈಬೆರಳು ಆಡಿಸುವುದನ್ನು ತಡೆದುಕೊಳ್ಳಬೇಕು. ನಮಗೆ ತಾನಾಗಿ ಆಗುವುದನ್ನು ಅವನು ಗಮನವಿಟ್ಟು ಮಾಡುತ್ತಿರುತ್ತಾನೆ, ಜೊತೆಗೆ ಸಂಬಳದ ಕೆಲಸವನ್ನೂ. 2017ರಲ್ಲಿ ಲಾರಾ ಹಲ್ ಮತ್ತು ಸಂಗಡಿಗರು ಆಟಿಸಂ ಇರುವ ವಯಸ್ಕರನ್ನೇ ಕೇಳಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮುಚ್ಚಿಡುವಿಕೆಯ ಜೊತೆಗೇ ಬಂದ ಮಾತು, ವಿಪರೀತ ಸುಸ್ತು. "ಎಲ್ಲರ ಜೊತೆ ಚೆನ್ನಾಗಿರ್ತಾನಂತೆ" ಎಂದು ನೀವು ಹೇಳುವುದಕ್ಕೆ ಅವನು ತೆರುವ ಬೆಲೆ ಅದು.

ಹಾಗಾಗಿ "ನಿನ್ನೆ ಮಾಡಿದೆಯಲ್ಲ, ಇವತ್ತೇನಾಯ್ತು?" ಎಂಬ ಪ್ರಶ್ನೆಯನ್ನು ದಯವಿಟ್ಟು ಕೈಬಿಡಿ. ನಿನ್ನೆ ಮನೆಯಿಂದಲೇ ಕೆಲಸವಿತ್ತು, ಇವತ್ತು ಮೂರು ಮೀಟಿಂಗು, ಮಳೆ, ತುಂಬಿದ ಬಸ್ಸು. ಸಾಮರ್ಥ್ಯ ಅದೇ ಇದ್ದರೂ ಉಳಿದಿರುವ ಶಕ್ತಿ ಬೇರೆ.

ಇನ್ನೊಂದು ಆಕ್ಷೇಪಣೆ: "ಹೆಡ್‌ಫೋನಿನಲ್ಲಿ ಜೋರಾಗಿ ಹಾಡು ಕೇಳ್ತಾನೆ, ಮಿಕ್ಸಿ ಹಾಕಿದರೆ ಮಾತ್ರ ಆಗಲ್ಲ." ಎರಡೂ ಸರಿಯೇ. ತಾನು ಆರಿಸಿಕೊಂಡ, ಯಾವಾಗ ನಿಲ್ಲುತ್ತದೆಂದು ಗೊತ್ತಿರುವ ಸದ್ದು ದಣಿಸುವುದು ಕಡಿಮೆ, ಹೇಳದೆ ಬಂದೆರಗುವ ಸದ್ದು ದಣಿಸುವುದು ಬಹಳ. ಎಡಿಎಚ್‌ಡಿ ಇರುವ ಕೆಲವರಿಗಂತೂ ಪೂರ್ತಿ ನಿಶ್ಶಬ್ದವೇ ಶತ್ರು. ಕಾಫಿ ಅಂಗಡಿಯ ಗುಜುಗುಜುವಿನಲ್ಲಿ ಅವರ ಕೆಲಸ ಸರಾಗ ಸಾಗುತ್ತದೆ, ಕೆಡಿಸುವುದು ನಡುನಡುವೆ ಭುಜ ತಟ್ಟಿ ಮಾತಾಡಿಸುವವರು. ಆದ್ದರಿಂದ ಯಾವುದು ಹಿಂಸೆ, ಯಾವುದು ಹಿತ ಎಂದು ಅವನನ್ನೇ ಕೇಳಬೇಕು. ನೀವೇ ಊಹಿಸಿ ಮನೆಯನ್ನೆಲ್ಲ ಮೌನ ಮಾಡಿದರೂ ಉಪಯೋಗವಿಲ್ಲ.

"ಅಭ್ಯಾಸ ಆದರೆ ಎಲ್ಲಾ ಸರಿಹೋಗುತ್ತೆ" ಎಂಬ ಹಿರಿಯರ ಮಾತನ್ನು ಈ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಒತ್ತಾಯಕ್ಕೆ ಸಹಿಸುವುದನ್ನು ಕಲಿತಾರು, ಒಳಗಿನ ಖರ್ಚು ಇಳಿಯದು. ಹಾಗೆಂದು ಕೋಣೆಯಲ್ಲೇ ಇರಲಿ ಎಂದು ಬಿಟ್ಟುಬಿಡುವುದೂ ತಪ್ಪು. ಜನರ ನಡುವೆ ಯಾವಾಗ ಹೋಗಬೇಕು, ಎಷ್ಟು ಹೊತ್ತು ಇರಬೇಕು ಎಂಬುದು ಅವನ ಕೈಯಲ್ಲಿರಲಿ.

ಮನೆಯಲ್ಲಿ ಆಗಬೇಕಾದ್ದು ಸಣ್ಣಪುಟ್ಟದ್ದೇ. ಬಂದ ಕೂಡಲೇ ಪ್ರಶ್ನೆ ಬೇಡ, ಅರ್ಧ ಗಂಟೆ ಬಿಡಿ. ತಟ್ಟೆ ಮುಚ್ಚಿಟ್ಟು "ಊಟ ರೆಡಿ" ಎಂದು ವಾಟ್ಸ್‌ಆಪ್ ಮಾಡಿದರೆ ಬಾಗಿಲು ಬಡಿಯುವುದು ತಪ್ಪುತ್ತದೆ. ಅಮ್ಮಂದಿರಿಗೆ ಒಂದೇ ಮನೆಯಲ್ಲಿ ಮೆಸೇಜೇ ಎಂದು ಬೇಸರ, ಆದರೆ ಉತ್ತರ ಬರುವುದು ಅದಕ್ಕೇ. ಮಿಕ್ಸಿ ಹಾಕುವ ಮೊದಲು ಒಂದು ಮಾತು ಹೇಳಿ. ಅವನ ಕೋಣೆಗೆ ಟ್ಯೂಬ್‌ಲೈಟಿನ ಬದಲು ಹಳದಿ ಬೆಳಕಿನ ಒಳ್ಳೆಯ ಬಲ್ಬು ಹಾಕಿಸಿ. ನೆಂಟರು ಬರುವುದನ್ನು ಹಿಂದಿನ ದಿನವೇ ತಿಳಿಸಿ.

ಮದುವೆ ಮನೆಗೆ ಬೇರೆ ಲೆಕ್ಕ ಬೇಕು. ಛತ್ರದಲ್ಲಿ ಪ್ರತಿಧ್ವನಿ, ವಿಡಿಯೋದವರ ಝಗಮಗ ದೀಪ, "ನಾನ್ಯಾರು ಹೇಳು ನೋಡೋಣ" ಎನ್ನುವ ಅತ್ತೆಯಂದಿರು. ಇದೆಲ್ಲದರ ತುದಿಗೆ ಗಟ್ಟಿಮೇಳ. ಮುಹೂರ್ತಕ್ಕೆ ಬಂದು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಮೊದಲ ಪಂಕ್ತಿಯಲ್ಲಿ ಊಟ ಮಾಡಿ ಹೊರಡುವುದೆಂದು ಮೊದಲೇ ಮಾತಾಗಿರಲಿ. ಅಂದಹಾಗೆ, ಧಾರೆಯ ಹೊತ್ತಿಗೆ ಹೊರಗೆ ಕಾರಿನ ಹತ್ತಿರ ಒಬ್ಬರೇ ನಿಲ್ಲುವ ಅಪ್ಪಂದಿರೂ ಇದ್ದಾರೆ. ಆಟಿಸಂ, ಎಡಿಎಚ್‌ಡಿ ಎರಡೂ ವಂಶದಲ್ಲಿ ಹರಿದುಬರುತ್ತವೆ.

ಆಫೀಸಿನ ಮಟ್ಟಿಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಹಾಗೂ ಡಿಸ್‌ಲೆಕ್ಸಿಯಾದಂಥ ಕಲಿಕೆಯ ತೊಂದರೆಗಳು ಸೇರಿವೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಹಾಗಿದ್ದರೂ ಗೋಡೆ ಪಕ್ಕದ ಸೀಟು, ಬಾಯಿಮಾತಿನ ಬದಲು ಬರೆದು ಕೊಟ್ಟ ಸೂಚನೆ, ಹೆಡ್‌ಫೋನಿಗೆ ಅನುಮತಿ, ಇವನ್ನು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಆದರೆ ತನ್ನ ಸ್ಥಿತಿಯನ್ನು ಅಲ್ಲಿ ಹೇಳಬೇಕೋ ಬೇಡವೋ ಎಂಬ ನಿರ್ಧಾರ ಅವನದು. ನೀವು ಎಚ್‌ಆರ್‌ಗೆ ಫೋನು ಮಾಡಬೇಡಿ.

ಒಂದು ಸಂಜೆಯ ದಣಿವು ನಿದ್ದೆಯಿಂದ, ಒಂದು ರಜೆಯಿಂದ ಇಳಿಯುತ್ತದೆ. ಇಳಿಯದೆ ತಿಂಗಳುಗಟ್ಟಲೆ ಎಳೆದು, ಮೊದಲು ಸಲೀಸಾಗಿ ಮಾಡುತ್ತಿದ್ದ ಅಡುಗೆ, ಸ್ನಾನ, ಮಾತು ಕೂಡ ಕೈತಪ್ಪತೊಡಗಿದರೆ ಅದು ಬೇರೆಯೇ ಸ್ಥಿತಿ. ಸಂಶೋಧಕರಾದ ಡೋರಾ ರೇಮೇಕರ್ ಮತ್ತು ಸಂಗಡಿಗರು 2020ರಲ್ಲಿ ಇದನ್ನು ಆಟಿಸಂನ ಬರ್ನ್‌ಔಟ್ ಎಂದು ವಿವರಿಸಿದರು. ಸಾಮಾನ್ಯವಾಗಿ ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು. ಹೊರಗಿನಿಂದ ಖಿನ್ನತೆಯಂತೆಯೇ ಕಾಣುತ್ತದೆ, ಎರಡೂ ಒಟ್ಟಿಗೆ ಇರಲೂಬಹುದು. ಬೇರ್ಪಡಿಸಿ ನೋಡುವುದು ಮನೋವೈದ್ಯರ ಕೆಲಸ. ಬದುಕುವುದೇ ಬೇಡ ಎಂಬ ಮಾತು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ.