ಗುಲಾಬಿ ಕಾಯಿಕೊರಕದ ಪತಂಗ: ರೂಪ ಮತ್ತು ವರ್ಗೀಕರಣ

ಎಮ್ಮಿಗನೂರು, ಆದೋನಿ ಭಾಗದ ಹತ್ತಿ ಬೆಳೆಗಾರರ ಮಕ್ಕಳಿಗೆ ಕಾಯಿಯೊಳಗಿನ ಗುಲಾಬಿ ಬಣ್ಣದ ಹುಳು ಪರಿಚಿತ. ಮನೆಯಲ್ಲಿ ಅದು ‘ಹುಳು’, ತೆಲುಗು ಮಾತಿನಲ್ಲಿ ‘ಪುರುಗು’. ಆದರೆ ಆ ಹುಳು ಬೆಳೆದು ಪತಂಗವಾದಾಗ ಅದನ್ನು ಗುರುತಿಸಬಲ್ಲವರು ಕಡಮೆ. ಅದು ಬಲು ಚಿಕ್ಕದು. ಹಗಲು ಅಡಗಿದ್ದು ಇರುಳಿನಲ್ಲಿ ಹಾರುತ್ತದೆ.

ರೂಪ: ಬಿಚ್ಚಿದ ರೆಕ್ಕೆಗಳ ಅಗಲ 15ರಿಂದ 20 ಮಿಲಿಮೀಟರ್. ಮುಂದಿನ ರೆಕ್ಕೆ ಬೂದುಮಿಶ್ರಿತ ಕಂದು. ಅದರ ಮೇಲೆ ಕಪ್ಪು ಮಚ್ಚೆಗಳಿವೆ. ಹಿಂದಿನ ರೆಕ್ಕೆ ಬೆಳ್ಳಿಬೂದು. ಅಂಚಿನಲ್ಲಿ ನೀಳವಾದ ಕೂದಲಿನ ಜಾಲರಿಯಿದೆ. ಮರಿಹುಳು ಮೊದಲು ಬಿಳಿಯಾಗಿದ್ದು, ಬಲಿತ ಮೇಲೆ ಗುಲಾಬಿ ಬಣ್ಣ ತಳೆಯುತ್ತದೆ.

ವರ್ಗೀಕರಣ: ಗುಜರಾತಿನ ಭರೂಚ್‌ನಿಂದ ಬಂದ ಮಾದರಿಗಳನ್ನು ನೋಡಿ ಇದನ್ನು ಮೊದಲು ವರ್ಣಿಸಿದವನು ಡಬ್ಲ್ಯು. ಡಬ್ಲ್ಯು. ಸಾಂಡರ್ಸ್. ಅವನು ಇದನ್ನು ‘ಡಿಪ್ರೆಸ್ಸಾರಿಯಾ’ ಜಾತಿಗೆ ಸೇರಿಸಿದ್ದನು. 1917ರಲ್ಲಿ ಆಗಸ್ಟ್ ಬುಸ್ಕ್ ಇದಕ್ಕಾಗಿ ‘ಪೆಕ್ಟಿನೋಫೋರಾ’ ಎಂಬ ಹೊಸ ಜಾತಿಯನ್ನು ಸ್ಥಾಪಿಸಿದನು. ಆ ಪದಕ್ಕೆ ‘ಬಾಚಣಿಗೆ ಹೊತ್ತದ್ದು’ ಎಂದರ್ಥ. ಮೀಸೆಯ ಬುಡದಲ್ಲಿರುವ ಬಿರುಗೂದಲ ಸಾಲೇ ಆ ಬಾಚಣಿಗೆ. ‘ಗಾಸಿಪಿಯೆಲ್ಲಾ’ ಎಂಬ ಪ್ರಭೇದನಾಮ ಹತ್ತಿಯನ್ನು ಸೂಚಿಸುತ್ತದೆ. ಇದರ ಕುಟುಂಬ ಗೆಲೆಕಿಯಿಡೇ. ಹಸಿರು ಕಾಯಿಕೊರಕವೆಂದು ಕರೆಯುವ ‘ಹೆಲಿಕೋವರ್ಪಾ’ ನಾಕ್ಟುಯಿಡೇ ಕುಟುಂಬದ್ದು. ಅದರ ಪತಂಗ ಗಾತ್ರದಲ್ಲಿ ಸುಮಾರು ಇಮ್ಮಡಿ. ಎರಡೂ ಕಾಯಿ ಕೊರೆಯುತ್ತವೆ. ಆದರೆ ಕುಲ ಬೇರೆ.

ಪ್ರಯೋಜನ: ಈ ಭೇದ ಪುಸ್ತಕಕ್ಕಷ್ಟೇ ಸೀಮಿತವಲ್ಲ. ಹೊಲದಲ್ಲಿ ಕಟ್ಟುವ ಮೋಹಕ ಬಲೆಯ ವಾಸನೆ ಪ್ರತಿ ಪ್ರಭೇದಕ್ಕೂ ಬೇರೆ. ಒಂದರ ಮದ್ದಿಗೆ ಇನ್ನೊಂದರ ಗಂಡು ಪತಂಗ ಬರುವುದಿಲ್ಲ. 2002ರಲ್ಲಿ ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಕೆಲವೇ ವರ್ಷಗಳಲ್ಲಿ ಗುಲಾಬಿ ಕಾಯಿಕೊರಕವು ಗುಜರಾತಿನಲ್ಲಿ ಅದರ ವಿಷವನ್ನು ತಾಳಿಕೊಳ್ಳುವ ಶಕ್ತಿ ಪಡೆಯಿತು. ಹುಳು ಕಾಯಿಯೊಳಗೆ ಸೇರಿದ ಮೇಲೆ ಸಿಂಪಡಿಸಿದ ಔಷಧ ಅದಕ್ಕೆ ತಾಗುವುದು ದುರ್ಲಭ. ಆದ್ದರಿಂದ ಬಲೆಗೆ ಬಿದ್ದ ಪತಂಗವನ್ನು ಗುರುತಿಸಿ ಎಣಿಸಬಲ್ಲ ರೈತನಿಗೆ ಮುನ್ಸೂಚನೆ ದೊರೆಯುತ್ತದೆ. ಬಲೆಯೊಂದಕ್ಕೆ ದಿನಕ್ಕೆ 8 ಪತಂಗಗಳಂತೆ ಸತತ ಮೂರು ದಿನ ಬಿದ್ದರೆ ಅದು ಎಚ್ಚರಿಕೆಯ ಮಟ್ಟ.

ಚಟುವಟಿಕೆ: ಔಷಧ ಸಿಂಪಡಿಸದ ಹೊಲದಿಂದ ಹುಳುಬಿದ್ದ ಕಾಯಿಗಳನ್ನು ತರಿಸಿ, ಗಾಜಿನ ಜಾಡಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಬೇಕು. ಹುಳು, ಕೋಶ, ಪತಂಗ ಈ ಮೂರು ಅವಸ್ಥೆಗಳನ್ನು ವಿದ್ಯಾರ್ಥಿಗಳು ದಿನಾಂಕಸಹಿತ ಚಿತ್ರಿಸಿ, ಕನ್ನಡ ಹಾಗೂ ತೆಲುಗು ಹೆಸರುಗಳನ್ನು ಬರೆಯಲಿ. ಚಳಿಗಾಲದಲ್ಲಿ ಕೆಲವು ಹುಳುಗಳು ಬೀಜದೊಳಗೇ ತಿಂಗಳುಗಟ್ಟಲೆ ನಿಶ್ಚಲವಾಗಿರಬಹುದು, ಅದನ್ನೂ ದಾಖಲಿಸಲಿ. ಹೊರಬಂದ ಪತಂಗಗಳನ್ನು ಹೊಲಕ್ಕೆ ಬಿಡಬಾರದು.