ಜಾಲದ ಅಂಗಡಿಗೆ ಬಾಗಿಲು ಹಾಕುವ ಬಗೆ

ಪೇಟೆಯ ಜವಳಿ ಅಂಗಡಿಗಳಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮಾರ್ಚ್ ತಿಂಗಳ ಕೊನೆಯಲ್ಲಿ, "ದಾಸ್ತಾನು ಲೆಕ್ಕದ ಸಲುವಾಗಿ ಈ ದಿನ ವ್ಯಾಪಾರವಿಲ್ಲ" ಎಂಬ ಫಲಕ ತೂಗುವುದನ್ನು ವಾಚಕರು ಕಂಡಿರಬಹುದು. ಗಿರಾಕಿಗಳು ಬಂದು ಹೋಗುತ್ತಿರುವಾಗ ಕಪಾಟಿನ ಸೀರೆಗಳನ್ನು ಎಣಿಸಲು ಹೊರಟರೆ ಎಣಿಕೆ ತಪ್ಪುವುದೆಂಬುದು ವ್ಯಾಪಾರಿಗಳೆಲ್ಲರಿಗೂ ತಿಳಿದ ಸಂಗತಿ. ಅಂತರಜಾಲದ ಮೂಲಕ ವ್ಯಾಪಾರ ನಡೆಸುವ ಅಂಗಡಿಗೂ ಇಂಥದೇ ಫಲಕವೊಂದುಂಟು. ಅಂಗಡಿಯನ್ನು ನಡೆಸುವ ಕಾರ್ಯಕ್ರಮವನ್ನು, ಎಂದರೆ ಸಾಫ್ಟ್‌ವೇರನ್ನು, ನವೀಕರಿಸುವಾಗ ಅದನ್ನು ಸ್ವಲ್ಪ ಹೊತ್ತು ತೂಗಹಾಕುತ್ತಾರೆ. ಈ ಏರ್ಪಾಟಿಗೆ 'ಮೇಂಟೆನೆನ್ಸ್ ಮೋಡ್' ಎಂದು ಹೆಸರು. ನಾವು 'ದುರಸ್ತಿ ಸ್ಥಿತಿ' ಎನ್ನೋಣ.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಗಣಕಯಂತ್ರವು ಒಂದು ಸೆಕೆಂಡಿನಲ್ಲಿ ಕೋಟಿಗಟ್ಟಲೆ ಲೆಕ್ಕಗಳನ್ನು ಮಾಡಬಲ್ಲದು. ಅಂಥ ಯಂತ್ರಕ್ಕೆ ಬಾಗಿಲು ಹಾಕಿ ಕೆಲಸ ಮಾಡುವ ಹಂಗೇಕೆ? ಗಿರಾಕಿಗಳು ಬರುತ್ತಿರುವಂತೆಯೇ ಹಳೆಯದನ್ನು ತೆಗೆದು ಹೊಸದನ್ನು ಇಡಬಾರದೆ?

ಉತ್ತರಕ್ಕಾಗಿ ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಇಳಕಲ್ ಸೀರೆಗಳನ್ನು ಮಾರುವ ಜಾಲದ ಅಂಗಡಿಯೊಂದಿದೆ. ಅದರ ಲೆಕ್ಕಪುಸ್ತಕದಲ್ಲಿ, ಎಂದರೆ ಡೇಟಾಬೇಸಿನಲ್ಲಿ, ೨೦೦೦ ಸೀರೆಗಳ ದಾಖಲೆಗಳಿವೆ. ಹಳೆಯ ಕಾರ್ಯಕ್ರಮವು ತೆರಿಗೆಯೂ ಸೇರಿದ ಬೆಲೆಯನ್ನು ಒಂದೇ ಸಂಖ್ಯೆಯಾಗಿ ಬರೆದಿಡುತ್ತಿತ್ತು. ಒಂದು ಸೀರೆಗೆ ೧೦೫೦ ರೂಪಾಯಿ ಎಂದಿಟ್ಟುಕೊಳ್ಳಿ. ಹೊಸ ಕಾರ್ಯಕ್ರಮವಾದರೋ ಮೂಲ ಬೆಲೆಯಾದ ೧೦೦೦ ರೂಪಾಯಿಯನ್ನು ಮಾತ್ರ ಬರೆದಿಟ್ಟುಕೊಂಡು, ಶೇಕಡ ೫ರ ತೆರಿಗೆಯನ್ನು ಮಾರುವ ಹೊತ್ತಿಗೆ ತಾನೇ ಕೂಡಿಸುತ್ತದೆ. ಎರಡು ಕ್ರಮಗಳೂ ತಮ್ಮಷ್ಟಕ್ಕೆ ಸರಿಯಾದುವೇ. ಈಗ ೨೦೦೦ ದಾಖಲೆಗಳನ್ನು ಒಂದೊಂದಾಗಿ ಹೊಸ ಕ್ರಮಕ್ಕೆ ತಿದ್ದಬೇಕಾಗಿದೆ. ಸಾವಿರ ಮುಗಿದಿವೆ, ಸಾವಿರ ಉಳಿದಿವೆ. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು.

ಅವರಿಗೆ ಹೊಸ ಕಾರ್ಯಕ್ರಮ ಎದುರಾಗಿ, ಅವರು ಆರಿಸಿದ ಸೀರೆಯ ದಾಖಲೆ ಇನ್ನೂ ಹಳೆಯದಾಗಿದ್ದರೆ, ಅದು ೧೦೫೦ನ್ನು ಮೂಲ ಬೆಲೆಯೆಂದೇ ಬಗೆದು ಮತ್ತೆ ತೆರಿಗೆ ಹಾಕಿ ೧೧೦೨ ರೂಪಾಯಿ ೫೦ ಪೈಸೆ ಕೇಳುತ್ತದೆ. ಹಳೆಯ ಕಾರ್ಯಕ್ರಮ ಎದುರಾಗಿ ದಾಖಲೆ ಹೊಸದಾಗಿದ್ದರೆ ೧೦೦೦ವನ್ನು ಮಾತ್ರ ಪಡೆದು ಸೀರೆಯನ್ನು ಕಳುಹಿಸಿಬಿಡುತ್ತದೆ. ೫೦ ರೂಪಾಯಿ ತೆರಿಗೆ ಅಂಗಡಿಯವರ ತಲೆಯ ಮೇಲೆ. ಇಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ, ಯಾವ ಲೆಕ್ಕವೂ ತಪ್ಪಿಲ್ಲ. ತಪ್ಪಿದುದು ಕಾರ್ಯಕ್ರಮಕ್ಕೂ ದಾಖಲೆಗೂ ಇರಬೇಕಾದ ಹೊಂದಾಣಿಕೆ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಸಂದರ್ಭ ಅಪರಿಚಿತವಲ್ಲ. ಪೆಟ್ಟಿಗೆಯ ಒಂದು ಅರ್ಧದಲ್ಲಿ ಅನಿಲವನ್ನು ತುಂಬಿ, ನಡುವಣ ತಡಿಕೆಯನ್ನು ಫಕ್ಕನೆ ತೆಗೆದೆವೆನ್ನಿ. ತೆಗೆಯುವುದಕ್ಕೆ ಮುಂಚೆ ಅನಿಲದ ಒತ್ತಡ ಇಷ್ಟೆಂದು ಹೇಳಬಹುದು. ಎಲ್ಲವೂ ಶಾಂತವಾದ ಮೇಲೆಯೂ ಹೇಳಬಹುದು. ನಡುವಿನ ಕ್ಷಣಗಳಲ್ಲಿ "ಪೆಟ್ಟಿಗೆಯ ಅನಿಲದ ಒತ್ತಡವೆಷ್ಟು?" ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಮೂಲೆಗೊಂದು ಉತ್ತರ. ಅರ್ಧ ತಿದ್ದಿದ ಅಂಗಡಿಯಲ್ಲಿ "ಸೀರೆಯ ಬೆಲೆಯೆಷ್ಟು?" ಎಂಬ ಪ್ರಶ್ನೆಯ ಪಾಡೂ ಅದೇ. ಸಮಸ್ಥಿತಿಯಿಂದ ಸಮಸ್ಥಿತಿಗೆ ಹೋಗುವ ದಾರಿಯಲ್ಲಿ ಯಾರೂ ಅಳತೆ ಮಾಡದಂತೆ ನೋಡಿಕೊಳ್ಳುವುದೇ ದುರಸ್ತಿ ಸ್ಥಿತಿಯ ಪ್ರಯೋಜನ.

ಡೇಟಾಬೇಸಿನ ವಿಷಯದಲ್ಲಿ ಆಳವಾಗಿ ವಿಚಾರಮಾಡಿದವರಲ್ಲಿ ಅಮೆರಿಕದ ಜಿಮ್ ಗ್ರೇ ಮುಖ್ಯರು. ೧೯೯೮ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಹಲವು ತಿದ್ದುಪಡಿಗಳನ್ನು ಒಂದೇ ಗಂಟಾಗಿ ಕಟ್ಟಿ, ಆದರೆ ಎಲ್ಲವೂ ಆಗಬೇಕು, ಇಲ್ಲವಾದರೆ ಒಂದೂ ಆಗಬಾರದು ಎಂಬ ನಿಯಮವನ್ನು ಅಂಥ ವಿದ್ವಾಂಸರು ಸಾಧಿಸಿಕೊಟ್ಟರು. ಈ ಗಂಟಿಗೆ 'ಟ್ರಾನ್ಸಾಕ್ಷನ್' ಎಂದು ಹೆಸರು. ಹಾಗಾದರೆ ೨೦೦೦ ತಿದ್ದುಪಡಿಗಳನ್ನೂ ಒಂದು ಗಂಟು ಕಟ್ಟಿದರೆ ಸಾಲದೆ? ಸಾಲದು. ಸಣ್ಣ ಅಂಗಡಿಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ, ಲೆಕ್ಕಪುಸ್ತಕಕ್ಕೆ ಹೊಸ ಕಲಮನ್ನು ಸೇರಿಸುವಂಥ ರಚನಾತ್ಮಕ ಆಜ್ಞೆಯನ್ನು ಕೊಟ್ಟೊಡನೆ ಅಲ್ಲಿಯವರೆಗೆ ಕಟ್ಟಿದ ಗಂಟು ತಾನಾಗಿ ಮುಗಿದು ಹೋಗುತ್ತದೆ; ಹಿಂದಕ್ಕೆ ಬರುವಂತಿಲ್ಲ. ಅಲ್ಲದೆ ಕಾರ್ಯಕ್ರಮದ ಕಡತಗಳು ಡೇಟಾಬೇಸಿನ ಹೊರಗಿರುವುವಾದುದರಿಂದ ಅವು ಗಂಟಿಗೆ ಸೇರುವುದೇ ಇಲ್ಲ. ಇನ್ನು ಗಿರಾಕಿಯ ಹಣ ಇರುವುದು ಬ್ಯಾಂಕಿನಲ್ಲಿ. ಅದು ನಮ್ಮ ಯಂತ್ರದ ಮಾತನ್ನೇ ಕೇಳುವುದಲ್ಲ.

ಆದಕಾರಣ ಬಾಗಿಲು ಹಾಕಬೇಕು. ಆದರೆ ಹಾಕಿದ ಬಾಗಿಲ ಮೇಲೆ ಏನೆಂದು ಬರೆಯಬೇಕು ಎಂಬುದು ಮೇಲುನೋಟಕ್ಕೆ ತೋರುವಷ್ಟು ಸುಲಭದ ವಿಷಯವಲ್ಲ. ಜಾಲದ ಅಂಗಡಿಗೆ ಬರುವವರಲ್ಲಿ ಮನುಷ್ಯರಷ್ಟೇ ಅಲ್ಲದೆ ಯಂತ್ರಗಳೂ ಇರುತ್ತವೆ. ಮನುಷ್ಯನು ಫಲಕದ ಮಾತುಗಳನ್ನು ಓದಿಕೊಳ್ಳುತ್ತಾನೆ. ಯಂತ್ರವು ನೋಡುವುದು ಪ್ರತಿ ಉತ್ತರದ ತಲೆಯಲ್ಲಿ ಸರ್ವರ್ ಬರೆಯುವ ಮೂರಂಕಿಯ ಸಂಖ್ಯೆಯನ್ನು. ೨೦೦ ಎಂದರೆ ಎಲ್ಲವೂ ಸರಿಯಾಗಿದೆ. ೪ರಿಂದ ಆರಂಭವಾದರೆ ತಪ್ಪು ಕೇಳಿದವರದು. ಎಲ್ಲರಿಗೂ ಪರಿಚಿತವಾದ ೪೦೪ ಈ ವರ್ಗದ್ದು, ಕೇಳಿದ ಪುಟವೇ ಇಲ್ಲವೆಂದು ಅದರ ಅರ್ಥ. ೫ರಿಂದ ಆರಂಭವಾದರೆ ತೊಂದರೆ ಸರ್ವರಿನದು. ಈ ವರ್ಗದಲ್ಲಿ ೫೦೩ ಎಂಬುದು "ಸದ್ಯಕ್ಕೆ ಸೇವೆ ಲಭ್ಯವಿಲ್ಲ" ಎಂಬುದನ್ನು ಸೂಚಿಸುತ್ತದೆ. ೧೯೯೬ರಲ್ಲಿ ಪ್ರಕಟವಾದ ಎಚ್‌ಟಿಟಿಪಿ ೧.೦ರ ನಿರೂಪಣೆಯಲ್ಲಿಯೇ ಈ ಸಂಖ್ಯೆ ಇದೆ. ದುರಸ್ತಿಯ ಕಾಲಕ್ಕೆ ಸಲ್ಲುವುದು ಇದೇ.

ಅನೇಕರು ಅಂದವಾದ ಚಿತ್ರವುಳ್ಳ "ಬೇಗನೆ ಬರುತ್ತೇವೆ" ಎಂಬ ಪುಟವನ್ನು ಸಿದ್ಧಪಡಿಸಿ, ಅದನ್ನು ೨೦೦ ಸಂಖ್ಯೆಯೊಡನೆ ಕಳುಹಿಸುವುದುಂಟು. ಇದು ಯಂತ್ರಗಳಿಗೆ ಹೇಳಿದ ಸುಳ್ಳು. ಗೂಗಲ್‌ನಂಥ ಶೋಧಕ ಯಂತ್ರವು ಆ ವೇಳೆಗೆ ಬಂದರೆ, ಅಂಗಡಿಯ ಎಲ್ಲ ಪುಟಗಳಲ್ಲಿಯೂ ಇರುವುದು ಇದೊಂದೇ ವಾಕ್ಯವೆಂದು ಬರೆದುಕೊಂಡು ಹೋಗುತ್ತದೆ. ೨೦೦ರೊಡನೆ ಬಂದ ಪುಟವನ್ನು ದಾರಿಯ ನಡುವಣ ಯಂತ್ರಗಳು ತಮ್ಮಲ್ಲಿ ಕೂಡಿಟ್ಟುಕೊಳ್ಳುವ ಸಂಭವವೂ ಇರುವುದರಿಂದ, ಅಂಗಡಿ ತೆರೆದ ಮೇಲೆಯೂ ಕೆಲವರಿಗೆ ಫಲಕವೇ ಕಾಣುತ್ತಿರಬಹುದು. ೪೦೪ ಕಳುಹಿಸಿದರಂತೂ ಅಂಗಡಿಯೇ ಇಲ್ಲವೆಂದು ಸಾರಿದಂತಾಯಿತು. ೫೦೩ನ್ನು ಕಂಡ ಶೋಧಕ ಯಂತ್ರವಾದರೋ ಹಳೆಯ ಬರಹವನ್ನು ಹಾಗೆಯೇ ಇರಿಸಿಕೊಂಡು ಇನ್ನೊಮ್ಮೆ ಬರುತ್ತದೆ. ಇದೇ ೫೦೩ ದಿನಗಟ್ಟಲೆ ಮುಂದುವರಿದರೆ ಮಾತ್ರ ಅದರ ತಾಳ್ಮೆ ಕೆಡುತ್ತದೆ.

ಸಂಖ್ಯೆಯ ಜೊತೆಗೆ 'ರಿಟ್ರೈ-ಆಫ್ಟರ್' ಎಂಬ ಸಾಲನ್ನೂ ಸೇರಿಸಬಹುದು. ಎಷ್ಟು ಸೆಕೆಂಡುಗಳ ತರುವಾಯ ಮತ್ತೆ ಬರಬೇಕೆಂದು ಅದು ಹೇಳುತ್ತದೆ. ೧೮೦೦ ಎಂದು ಬರೆದರೆ ಅರ್ಧ ಗಂಟೆ.

ಫಲಕವನ್ನು ತೂಗಹಾಕುವ ಉಪಾಯ ಬಹು ಸರಳ. ೨೦೦೩ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಎಂಬ ಕಾರ್ಯಕ್ರಮವನ್ನು, ಅದಕ್ಕೆ ಜೋಡಿಸುವ ವೂಕಾಮರ್ಸ್ ಎಂಬ ಭಾಗದೊಡನೆ, ಅಸಂಖ್ಯ ಸಣ್ಣ ಅಂಗಡಿಗಳು ಬಳಸುತ್ತವೆ. ವರ್ಡ್‌ಪ್ರೆಸ್ ತನ್ನನ್ನು ನವೀಕರಿಸಿಕೊಳ್ಳುವಾಗ 'ಮೇಂಟೆನೆನ್ಸ್' ಎಂಬ ಹೆಸರಿನ ಪುಟ್ಟ ಕಡತವೊಂದನ್ನು ಬರೆದಿಡುತ್ತದೆ. ಆ ಕಡತ ಇರುವವರೆಗೆ ಬಂದವರಿಗೆಲ್ಲ ೫೦೩. ಅಳಿಸಿದೊಡನೆ ಅಂಗಡಿ ತೆರೆಯುತ್ತದೆ. ಕಡತದ ಒಳಗಿರುವುದು ಒಂದೇ ಸಂಖ್ಯೆ: ೧೯೭೦ರ ಜನವರಿ ೧ರಿಂದ ಆ ಕ್ಷಣದವರೆಗೆ ಕಳೆದ ಸೆಕೆಂಡುಗಳು. ನವೀಕರಣ ಅರ್ಧದಲ್ಲಿ ನಿಂತು ಕಡತ ಹಾಗೆಯೇ ಉಳಿದುಬಿಟ್ಟರೆ, ಹತ್ತು ನಿಮಿಷಗಳಾದ ಮೇಲೆ ವರ್ಡ್‌ಪ್ರೆಸ್ ಅದನ್ನು ಲೆಕ್ಕಿಸುವುದಿಲ್ಲ. ೨೦೦೮ರಲ್ಲಿ ಬಂದ ಮಜೆಂಟೊ ಎಂಬ ಮತ್ತೊಂದು ಕಾರ್ಯಕ್ರಮದಲ್ಲಿಯೂ ಇಂಥ ಕಡತವೇ ಇದೆ. ಆದರೆ ಅದು ತಾನಾಗಿ ಸಡಿಲುವುದಿಲ್ಲ, ಒಡೆಯನು ಆಜ್ಞೆ ಕೊಟ್ಟು ತೆಗೆಯಬೇಕು.

ಎರಡರಲ್ಲಿ ಯಾವುದು ಮೇಲು? ಸುದ್ದಿ ಮತ್ತು ಲೇಖನಗಳ ತಾಣಕ್ಕೆ ಮೊದಲನೆಯದು ಸರಿ. ಒಡೆಯ ಮರೆತರೂ ತಾಣ ತೆರೆದುಕೊಳ್ಳುತ್ತದೆ. ಅಂಗಡಿಗೆ ಎರಡನೆಯದೇ ಸರಿಯೆಂದು ನನ್ನ ಅಭಿಪ್ರಾಯ. ಅರ್ಧ ತಿದ್ದಿದ ಅಂಗಡಿ ಯಾರೂ ನೋಡದಿರುವಾಗ ತಾನಾಗಿ ಬಾಗಿಲು ತೆರೆದು ವ್ಯಾಪಾರಕ್ಕೆ ಕೂಡುವುದಕ್ಕಿಂತ ಬೆಳಗಿನವರೆಗೆ ಮುಚ್ಚಿರುವುದೇ ಮೇಲು. ಅಲ್ಲದೆ ವೂಕಾಮರ್ಸ್ ಹೊಸ ಆವೃತ್ತಿಯ ಕಡತಗಳನ್ನು ಇರಿಸಿದ ಮೇಲೆ ಲೆಕ್ಕಪುಸ್ತಕದ ದಾಖಲೆಗಳನ್ನು ಹಿನ್ನೆಲೆಯಲ್ಲಿ ತಿದ್ದುತ್ತಾ ಹೋಗುವುದುಂಟು. ಅಷ್ಟು ಹೊತ್ತಿಗೆ ಮೇಲೆ ಹೇಳಿದ ಪುಟ್ಟ ಕಡತ ಅಳಿದಿರುತ್ತದೆ. ಆದುದರಿಂದ ಅಂಗಡಿಯವರು ತಮ್ಮದೇ ಫಲಕವನ್ನು ಬೇರೆಯಾಗಿ ಹಾಕಿಕೊಳ್ಳುವುದು ಕ್ಷೇಮ.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗಕ್ಕೆ ಬರೋಣ. ಬಾಗಿಲು ಹಾಕುವ ಕ್ಷಣದಲ್ಲಿ ಒಳಗೆ ಇರುವವರ ಗತಿಯೇನು? ಕೊಳ್ಳುವುದೆಂಬುದು ಒಂದು ಕ್ಷಣದ ಕ್ರಿಯೆಯಲ್ಲ. ಗಿರಾಕಿ ಸೀರೆಯನ್ನು ಆರಿಸಿ, ವಿಳಾಸ ಬರೆದು, ಹಣ ಪಾವತಿಗಾಗಿ ಬೇರೊಂದು ಸಂಸ್ಥೆಯ ಪುಟಕ್ಕೆ ಹೋಗುತ್ತಾನೆ. ಅಲ್ಲಿ ಅವನ ಖಾತೆಯಿಂದ ಹಣ ಕಳೆಯುತ್ತದೆ. ಬಳಿಕ ಆ ಸಂಸ್ಥೆಯ ಯಂತ್ರವು ಅಂಗಡಿಯ ಯಂತ್ರಕ್ಕೆ "ಇಂಥ ಬೇಡಿಕೆಗೆ ಹಣ ಬಂದಿದೆ" ಎಂದು ಸಂದೇಶ ಕಳುಹಿಸುತ್ತದೆ. ಆ ಸಂದೇಶ ಬರುವ ಹೊತ್ತಿಗೆ ಬಾಗಿಲು ಮುಚ್ಚಿದ್ದರೆ, ಸಂದೇಶ ತಂದ ಯಂತ್ರಕ್ಕೂ ೫೦೩ ಎಂಬ ಉತ್ತರವೇ. ಗಿರಾಕಿಯ ಹಣ ಹೋಗಿದೆ. ಅಂಗಡಿಯ ಕಿರ್ದಿಯಲ್ಲಿ ಜಮಾ ಇಲ್ಲ. ಮಗಳ ಮದುವೆಗೆಂದು ಸೀರೆ ಕೊಂಡವರ ಸ್ಥಿತಿಯನ್ನು ನೆನೆಯಿರಿ.

ಪಾವತಿ ಸಂಸ್ಥೆಗಳು ಇದನ್ನು ಎಣಿಸಿಯೇ ಇರುತ್ತವೆ. ೨೦೧೪ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ನೆಲೆಸಿರುವ ರೇಜರ್‌ಪೇ ಸಂಸ್ಥೆಯ ಯಂತ್ರವು ಉತ್ತರ ಸರಿಯಾಗಿ ಬಾರದಿದ್ದರೆ, ನಡುವಣ ಅಂತರವನ್ನು ಹೆಚ್ಚಿಸುತ್ತಾ ೨೪ ಗಂಟೆಗಳವರೆಗೆ ಅದೇ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಆದಕಾರಣ ಅರ್ಧ ಗಂಟೆಯ ದುರಸ್ತಿಯಿಂದ ಹಣ ಕಳೆದುಹೋಗದು. ಆದರೆ ಇಲ್ಲಿಯೂ ಸುಳ್ಳು ಹೇಳಿದರೆ ಕೆಟ್ಟಿತು: ಫಲಕದ ಪುಟವನ್ನು ೨೦೦ರೊಡನೆ ಕಳುಹಿಸಿದ್ದರೆ, ಸಂದೇಶ ತಲುಪಿತೆಂದೇ ತಿಳಿದು ಆ ಯಂತ್ರ ಮತ್ತೆ ಬರುವುದೇ ಇಲ್ಲ. ಇನ್ನೊಂದು ಮಾತು: ಪುನಃ ಪುನಃ ಕಳುಹಿಸುವವರಿಂದ ಒಂದೇ ಸಂದೇಶ ಎರಡು ಸಲ ತಲುಪಬಹುದು. ಪ್ರತಿ ಸಂದೇಶದ ಗುರುತಿನ ಸಂಖ್ಯೆಯನ್ನು ನೋಡಿ, ಒಮ್ಮೆ ಜಮಾ ಆದುದನ್ನು ಎರಡನೆಯ ಸಲ ಜಮಾ ಮಾಡದಿರುವ ಎಚ್ಚರ ಅಂಗಡಿಯ ಕಾರ್ಯಕ್ರಮದಲ್ಲಿರಬೇಕು.

ಇದಕ್ಕಿಂತ ಒಳ್ಳೆಯ ಕ್ರಮವೆಂದರೆ ಮೊದಲು ಹೊಸ ಬೇಡಿಕೆಗಳನ್ನಷ್ಟೇ ನಿಲ್ಲಿಸಿ, ಹಣ ಕೊಡುವ ಹಂತದಲ್ಲಿರುವವರು ಮುಗಿಸಿಕೊಳ್ಳುವವರೆಗೆ ಕಾದು, ಆಮೇಲೆ ಪೂರ್ತಿ ಮುಚ್ಚುವುದು. ಊರಿನ ಅಂಗಡಿಗಳಲ್ಲಿ ರಾತ್ರಿ ಬಾಗಿಲನ್ನು ಅರ್ಧ ಎಳೆದು ಒಳಗಿದ್ದವರಿಗೆ ಸಾಮಾನು ಕಟ್ಟಿಕೊಡುವಂತೆಯೇ ಇದು. ವೂಕಾಮರ್ಸ್‌ನಲ್ಲಿ ಹಣ ಬಾರದ ಬೇಡಿಕೆಗಾಗಿ ಸರಕನ್ನು ಕಾದಿರಿಸುವ ಅವಧಿ, ನಾವು ಬದಲಿಸದಿದ್ದರೆ, ೬೦ ನಿಮಿಷ; ಎಷ್ಟು ಹೊತ್ತು ಕಾಯಬೇಕೆಂಬುದಕ್ಕೆ ಇದು ಒಂದು ಅಂದಾಜು.

ಲೆಕ್ಕಪುಸ್ತಕದ ಪ್ರತಿಯನ್ನು ತೆಗೆದಿಡುವುದು ಯಾವಾಗ? ಪೂರ್ತಿ ಮುಚ್ಚಿದ ಮೇಲೆಯೇ ತೆಗೆಯತಕ್ಕದ್ದು. ಎಂಟು ಗಂಟೆಗೆ ಪ್ರತಿ ತೆಗೆದು ಒಂಬತ್ತಕ್ಕೆ ಬಾಗಿಲು ಹಾಕಿದರೆ, ಕೆಲಸ ಕೆಟ್ಟು ಹಳೆಯ ಪ್ರತಿಯನ್ನು ಮರಳಿ ಇರಿಸಿದಾಗ ನಡುವಣ ಒಂದು ಗಂಟೆಯ ಬೇಡಿಕೆಗಳೆಲ್ಲವೂ ಮಾಯವಾಗುತ್ತವೆ. ಹಾಗೆಯೇ ಮತ್ತೆ ತೆರೆದು ಹೊಸ ಬೇಡಿಕೆಗಳು ಬಂದ ಮೇಲೆ ಹಿಂದಿನ ಪ್ರತಿಗೆ ಮರಳುವುದೂ ನಷ್ಟವೇ. ಅನಿಲವು ಪೆಟ್ಟಿಗೆಯ ಅರ್ಧಕ್ಕೆ ತಾನಾಗಿ ಹಿಂದಿರುಗದಷ್ಟೆ! ಆದುದರಿಂದ ಪರೀಕ್ಷೆಗಳೆಲ್ಲವೂ ಬಾಗಿಲು ಮುಚ್ಚಿರುವಾಗಲೇ ನಡೆಯಬೇಕು. ಇದಕ್ಕಾಗಿ ಮಜೆಂಟೊದಂಥ ಕಾರ್ಯಕ್ರಮಗಳು ಒಡೆಯನ ಐಪಿ ವಿಳಾಸದಿಂದ ಬಂದವರನ್ನು ಮಾತ್ರ ಒಳಗೆ ಬಿಡುತ್ತವೆ. ಅವನು ಒಂದು ಸೀರೆಯನ್ನು ತಾನೇ ಕೊಂಡು ನೋಡಬಹುದು.

ಪರೀಕ್ಷೆ ಸಾಲದೆ ತೆರೆದರೆ ಏನಾದೀತು ಎಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಸಂಗತಿ ನಿದರ್ಶನ. ೨೦೧೮ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಆ ಬ್ಯಾಂಕು ಜಾಲದ ಸೇವೆಯನ್ನು ಮುಚ್ಚಿ, ಸುಮಾರು ೫೨ ಲಕ್ಷ ಗಿರಾಕಿಗಳ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ತೆರೆದಾಗ ಸುಮಾರು ೧೯ ಲಕ್ಷ ಜನ ತಮ್ಮ ಖಾತೆಗಳನ್ನು ನೋಡಲಾರದೆ ಹೊರಗುಳಿದರು. ೨೦೨೨ರ ಡಿಸೆಂಬರ್‌ನಲ್ಲಿ ಬ್ಯಾಂಕಿಗೆ ೪ ಕೋಟಿ ೮೬.೫ ಲಕ್ಷ ಪೌಂಡುಗಳ ದಂಡ ಬಿದ್ದಿತು. ಅಲ್ಲಿ ಬಾಗಿಲನ್ನೇನೋ ಹಾಕಿದ್ದರು. ತೆರೆಯುವ ಮುನ್ನ ಒಳಗಣ ಸ್ಥಿತಿಯನ್ನು ಸಾಕಷ್ಟು ಅಳೆದಿರಲಿಲ್ಲ.

ಬಾಗಿಲು ಹಾಕದೆಯೇ ನವೀಕರಿಸುವ ವಿದ್ಯೆಯೂ ಇಲ್ಲದಿಲ್ಲ. ಅಮೆಜಾನ್ ಸಂಸ್ಥೆಯವರು ೨೦೧೧ರಲ್ಲಿ, ವಾರದ ಕೆಲಸದ ದಿನಗಳಲ್ಲಿ ತಾವು ಸರಾಸರಿ ೧೧.೬ ಸೆಕೆಂಡಿಗೊಂದು ನವೀಕರಣವನ್ನು ಜಾರಿಗೆ ತರುವುದಾಗಿ ತಿಳಿಸಿದ್ದರು. ಮೇಲಿನ ಉದಾಹರಣೆಯಲ್ಲಾದರೆ, ಹಳೆಯ ಬೆಲೆಯ ಕಲಮನ್ನು ಮುಟ್ಟದೆ ಪಕ್ಕದಲ್ಲಿ ಮೂಲ ಬೆಲೆಗೆ ಹೊಸ ಕಲಮನ್ನು ತೆರೆದು, ಕೆಲವು ದಿನ ಎರಡನ್ನೂ ಬರೆಯುತ್ತಿದ್ದು, ಎಲ್ಲ ದಾಖಲೆಗಳೂ ತುಂಬಿದ ಮೇಲೆ ಹಳೆಯದನ್ನು ಕೈಬಿಡಬೇಕು. ದೊಡ್ಡ ಸಂಸ್ಥೆಗಳಿಗೆ ಇದು ತಕ್ಕುದು. ಇಬ್ಬರು ಮೂವರು ನಡೆಸುವ ಸೀರೆ ಅಂಗಡಿಗೆ, ಗಿರಾಕಿಗಳು ವಿರಳವಾದ ಹೊತ್ತಿನಲ್ಲಿ ಅರ್ಧ ಗಂಟೆ ಬಾಗಿಲು ಹಾಕುವುದೇ ಕಡಮೆ ಅಪಾಯದ ದಾರಿ.

ಕೆಲಸ ಮುಗಿದು ಫಲಕವನ್ನು ತೆಗೆದ ಮೇಲೆ ಒಂದು ಪರೀಕ್ಷೆ ಉಳಿದಿರುತ್ತದೆ. ಒಳಗೆ ಬಿಡುವ ಪಟ್ಟಿಯಲ್ಲಿ ಒಡೆಯನ ವಿಳಾಸವಿರುವುದರಿಂದ, ಫಲಕ ಇನ್ನೂ ತೂಗುತ್ತಿದ್ದರೂ ಅವನ ಕಣ್ಣಿಗೆ ಅಂಗಡಿ ತೆರೆದೇ ಇರುತ್ತದೆ. ಹೀಗಾಗಿ ಅವನು ಮನೆಯ ಸಂಪರ್ಕವನ್ನು ಬಿಟ್ಟು, ಮೊಬೈಲ್ ಫೋನಿನ ಸಂಪರ್ಕದಿಂದ, ಪರಕೀಯನಂತೆ ಅಂಗಡಿಗೆ ಬಂದು, ಉತ್ತರದ ತಲೆಯಲ್ಲಿರುವ ಸಂಖ್ಯೆ ೫೦೩ರಿಂದ ೨೦೦ಕ್ಕೆ ಬದಲಾಗಿದೆಯೇ ಎಂದು ನೋಡತಕ್ಕದ್ದು. ಬಳಿಕ ಪಾವತಿ ಸಂಸ್ಥೆಯ ಆ ಹೊತ್ತಿನ ಪಟ್ಟಿಯನ್ನೂ ತನ್ನ ಕಿರ್ದಿಯನ್ನೂ ಎದುರುಬದುರಾಗಿ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡತಕ್ಕದ್ದು.