ಕಾಗದದ ಮಡಿಕೆಯಲ್ಲಿ ರೇಖಾಗಣಿತ

ಕಂಪಾಸುಪೆಟ್ಟಿಗೆಯಿಲ್ಲದ ಬಾಲಕನು ರೇಖಾಗಣಿತದ ಪಾಠದಲ್ಲಿ ಕೈಕಟ್ಟಿ ಕುಳಿತಿರಬೇಕೆಂಬ ನಿಯಮವೇನೂ ಇಲ್ಲ. 1893ರಲ್ಲಿ ಮದರಾಸಿನಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಟಿ. ಸುಂದರರಾಯರು ಬರಿಯ ಮಡಿಕೆಗಳಿಂದಲೇ ಹಲವು ಆಕೃತಿಗಳನ್ನು ಸಾಧಿಸಿ ತೋರಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನರು ಅದನ್ನು ಉಲ್ಲೇಖಿಸಿದ ತರುವಾಯ ಅದು ಪರದೇಶಗಳಲ್ಲಿಯೂ ಹೆಸರಾಯಿತು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಯಾವ ಮನೆಯಲ್ಲಿಯೂ ಹಳೆಯ ಲಗ್ನಪತ್ರಿಕೆಗಳಿಗೆ ಬರವಿಲ್ಲ. ಅಂಥದೊಂದು ಹಾಳೆಯ ಗಿಡ್ಡ ಅಂಚನ್ನು ಕೆಳಗಿರಿಸಿ, ಕೆಳಗಿನ ಎರಡು ಮೂಲೆಗಳು ಕೂಡುವಂತೆ ಉದ್ದಕ್ಕೆ ಮಡಿಸಿ ಬಿಚ್ಚಬೇಕು. ಬಳಿಕ ಎಡಮೂಲೆಯು ಕದಲದಂತೆ ಹಿಡಿದು, ಬಲಮೂಲೆಯನ್ನೆತ್ತಿ ನಡುಗೆರೆಯ ಮೇಲಿರಿಸಿ, ಮುಟ್ಟಿದೆಡೆ ಚುಕ್ಕೆಯಿಡಬೇಕು. ಆ ಚುಕ್ಕೆಯಿಂದ ಎರಡು ಮೂಲೆಗಳಿಗೂ ಗೆರೆಯೆಳೆದರೆ ಸಮಭುಜ ತ್ರಿಭುಜವು ಸಿದ್ಧ. ಮಡಿಸಿದ ಮಾತ್ರಕ್ಕೆ ಅಂಚಿನ ಉದ್ದವು ಕುಗ್ಗದು. ನಡುಗೆರೆಯ ಮೇಲಿನ ಪ್ರತಿಯೊಂದು ಬಿಂದುವೂ ಎರಡು ಮೂಲೆಗಳಿಗೆ ಸಮದೂರ. ಸಾಧನೆಯೆಲ್ಲ ಇಷ್ಟೇ, ಬಾಯಿಪಾಠಕ್ಕೆ ಇಲ್ಲಿ ಕೆಲಸವಿಲ್ಲ.

ತ್ರಿಭುಜವನ್ನು ಕತ್ತರಿಸಿ, ಬಾಹುಗಳ ಮಧ್ಯಬಿಂದುಗಳನ್ನು ಕೂಡಿಸುವ ಮೂರು ಗೆರೆಗಳಲ್ಲಿ ಮಡಿಸಿ, ತುದಿಗಳನ್ನು ಮೇಲೆ ಒಂದೆಡೆ ಸೇರಿಸಿದರೆ ನಾಲ್ಕು ಮುಖಗಳ ಘನಾಕೃತಿಯು ಎದ್ದು ನಿಲ್ಲುವುದು. ಅಂಚುಗಳಿಗೆ ತೆಳುಕಾಗದದ ಪಟ್ಟಿಯನ್ನು ಹಚ್ಚಲು ಪೇಟೆಯ ಗೋಂದೇ ಬೇಕಿಲ್ಲ. ನೆರೆಯ ಕಿನ್ನಾಳದ ಚಿತ್ರಗಾರರು ಬಳಸುವ ಹುಣಸೆಬೀಜದ ಅಂಟು ಸಾಕು. ತುದಿಗಳು ಕೂಡದಿದ್ದಲ್ಲಿ ಅಂಟನ್ನು ಬಯ್ಯದೆ ಮೊದಲ ಮಡಿಕೆಯನ್ನು ಪರೀಕ್ಷಿಸತಕ್ಕದ್ದು.